ಇಪ್ಪತ್ತೆರಡನೇ ವಾರ, ಅಬರ್ಡೀನ್

ಇಡೀ ರಾತ್ರಿ ಹಡಗು ಹೊರಳಿತು.
ಲರ್ವಿಕ್ಕಿನಿಂದ ಹೊರಟ ಓಸ್ಲಾ ಎಡಮಗ್ಗುಲಾಗಿ
ಬಕೆಟ್ಟು ತಬ್ಬಿಕೊಂಡು ಮಲಗಿದ್ದಳು.
ದ್ವೀಪದಲ್ಲಿ ಈ ಯಂತ್ರವಿಲ್ಲ, ಇದನ್ನು ಓದುವವರೂ ಇಲ್ಲ.

ಹೊಟ್ಟೆಯ ಮೇಲೆ ತಣ್ಣನೆ ಲೋಳೆ.
ಡಾಕ್ಟರಮ್ಮ ಮೊದಮೊದಲು ಮಾತಾಡುತ್ತಿದ್ದರು:
ಇದು ಬೆನ್ನುಹುರಿ, ಇದು ಮೂಗು, ಅಪ್ಪನದೇ ಇರಬೇಕು.
ಎದೆಗೆ ಬಂದರು.
ಸುಮ್ಮನಾದರು.

ಮ್ಯಾಗ್ನಿ ಪರದೆಯನ್ನೇ ನೋಡುತ್ತಿದ್ದ.
ಇಪ್ಪತ್ತು ವರ್ಷ ದೋಣಿಯಲ್ಲಿ ಇಂಥದೇ ಪರದೆ ಓದಿದವನು,
ಬಂಗುಡೆ ಹಿಂಡು ಯಾವುದು ಬಂಡೆ ಯಾವುದು ಬಲ್ಲವನು,
ಇಲ್ಲಿ ಅಕ್ಷರ ಬಾರದವನ ಹಾಗೆ
ಟೋಪಿ ಹಿಚುಕುತ್ತ ಕೂತಿದ್ದ.

ಕೆಂಪು ಅತ್ತ ಹರಿಯಬೇಕು, ನೀಲಿ ಇತ್ತ.
ನಡುಗೋಡೆಯ ಒಂದು ಕಡೆ
ಕೆಂಪು ದಾರಿತಪ್ಪಿ ಪಕ್ಕದ ಕೋಣೆಗೆ ನುಗ್ಗುತ್ತಿತ್ತು.
"ಎಷ್ಟು ದೊಡ್ಡದು?"
"ಎರಡು ಮಿಲಿಮೀಟರ್. ತಾನಾಗಿ ಮುಚ್ಚಿಕೊಳ್ಳಬಹುದು."

ಬಹುದು.
ಮಾತಿನ ಬಾಲಕ್ಕೆ ಜೋತುಬಿದ್ದ ಆ ಪದವನ್ನು
ಇಬ್ಬರೂ ಸೇರಿ ಹೊತ್ತು ಮೆಟ್ಟಿಲಿಳಿದರು.

ಅತ್ತೆ ಫೋನಿನಲ್ಲಿ: ನನ್ನ ಮದುವೆ ಶಾಲು ನೋಡಿಲ್ಲವಾ,
ಮೈಯೆಲ್ಲ ತೂತೇ, ಎಷ್ಟು ಬೆಚ್ಚಗಿದೆ!
"ಇದು ಶಾಲಲ್ಲ," ಅಂದಳು ಓಸ್ಲಾ, ಫೋನಿಟ್ಟಳು.
ಆಮೇಲೆ ಬಹಳ ಹೊತ್ತು
ಹಾಗನ್ನಬಾರದಿತ್ತು ಅಂತ ಕೊರಗಿದಳು.

ಮತ್ತೆ ಹಡಗು, ಮತ್ತೆ ಎಡಮಗ್ಗುಲು.
ಮಾರ್ಚ್ ಹನ್ನೆರಡಕ್ಕೆ ತಿರುಗಿ ಬರಬೇಕು.
ಗಾಳಿ ಹೇಗಿರುತ್ತೋ ಆಗ,
ಎನ್ನುತ್ತಾನೆ ಮ್ಯಾಗ್ನಿ ಕತ್ತಲಲ್ಲಿ.
ಒಳಗೆ ಯಾರೋ ಬಿಕ್ಕಳಿಸುತ್ತಿದ್ದಾರೆ,
ಸಣ್ಣಗೆ, ತಾಳ ತಪ್ಪದೆ.
ಉಪ್ಪುನೀರಿಗೆ ಒಡೆದ ಅವನ ಅಂಗೈಯನ್ನು
ಎಳೆದು ಅಲ್ಲಿಡುತ್ತಾಳೆ.
ಎಣಿಸು, ಎನ್ನುತ್ತಾಳೆ.