ಎಂಟು ಅಂದರೆ ಗೊತ್ತಿಲ್ಲ

ಬಲಗಡೆಯ ಗೋಡೆ ಬಿಡದೆ ನಡೆ, ಐದನೆಯ ಬಾಗಿಲು ತಟ್ಟು
ಎಂದು ನಿಯಮ.
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಈ ಗಲ್ಲಿಯಲ್ಲಿ
ಗೋಡೆ ಯಾವುದು, ಬಾಗಿಲು ಯಾವುದು?
ಆಳೆತ್ತರದ ಚೀಲಗಳು ಸಾಲಾಗಿ ನಿಂತಿವೆ;
ಒರಗಿದರೆ ಸರಕ್ಕನೆ ಸರಿಯುತ್ತವೆ,
ಕೂಸಿನಷ್ಟೂ ತೂಕವಿಲ್ಲ.

ಐದನೆಯದು ಜೈತುನ್‌ಬಿಯ ಮನೆ.
ದೊಡ್ಡವರು ಐದು ಜನ. ಅವರಲ್ಲಿ
ಮುಂದಿನ ಹುಟ್ಟುಹಬ್ಬ ಯಾರದೋ ಅವರನ್ನೇ ಕೇಳಬೇಕು.
ಆಧಾರ್ ಕಾರ್ಡು ತಂದು ಇಸ್ಪೀಟಿನ ಹಾಗೆ ಹರಡಿದರು:
ಐವರೂ ಹುಟ್ಟಿದ್ದು ಜನವರಿ ಒಂದಕ್ಕೆ.
'ನನ್ನೇ ಕೇಳವ್ವ, ಇವ್ರಿಗೆ ಕೆಲ್ಸ ಐತೆ'
ಅಂದಳು ಜೈತುನ್‌ಬಿ, ಜರಡಿ ಆಡಿಸುತ್ತಲೇ.

ಅರವತ್ತು ದೇಶಗಳಲ್ಲಿ ಇದೇ ಪ್ರಶ್ನೆಯಂತೆ.
ತರಬೇತಿಯಲ್ಲಿ ಹೇಳಿದ್ದರು: ಒಂದು ಪದ ಅಲುಗಬಾರದು.
ವಿವರಿಸಬಾರದು, ತಲೆದೂಗಬಾರದು.
ಗೊತ್ತಿಲ್ಲ ಎಂದರೆ ಎಂಟು, ಹೇಳಲೊಲ್ಲೆ ಎಂದರೆ ಒಂಬತ್ತು,
ತಿಳಿಯದಿದ್ದರೆ ಮತ್ತೆ ಓದಿ, ಅದೇ ದನಿಯಲ್ಲಿ.
ಓದಿದೆ:
ಸಾಮಾನ್ಯವಾಗಿ ಹೇಳುವುದಾದರೆ
ಹೆಚ್ಚಿನ ಜನರನ್ನು ನಂಬಬಹುದು ಎನ್ನುತ್ತೀರೋ, ಅಥವಾ
ಜನರೊಂದಿಗೆ ವ್ಯವಹರಿಸುವಾಗ ಬಹಳ ಎಚ್ಚರ ಬೇಕು ಎನ್ನುತ್ತೀರೋ?

'ಯಾವ ಜನ?'
ಮತ್ತೆ ಓದಿದೆ.
'ಅದೇ, ಯಾವ ಜನ ಅಂತ. ನಮ್ಮ ಗಲ್ಲಿಯೋರಾ?
ಪೀಜೆ ಬಡಾವಣೆಯೋರಾ?
ಉದ್ರಿ ಒಯ್ದು ಊರು ಬಿಟ್ಟೋರಾ?'
ಮೂರನೆಯ ಸಲ ಓದಿದಾಗ ನನ್ನ ದನಿ ನನಗೇ
ಬಸ್‌ಸ್ಟ್ಯಾಂಡಿನ ಮೈಕಿನಂತೆ ಕೇಳಿಸಿತು.
ಆಕೆ ಒಳಗಿದ್ದ ಸೊಸೆಗೆ ಕೂಗಿದಳು:
'ಲೋಗಾಂ ಪೊ ಭರೋಸಾ ಹೈ ಕ್ಯಾ ಕತೆ!'
ಒಳಗಿನಿಂದ ನಗು ಬಂತು.
ನಗುವಿಗೆ ಸಂಖ್ಯೆ ಕೊಟ್ಟಿಲ್ಲ.

ಅಷ್ಟರಲ್ಲಿ ಭಟ್ಟಿಯಲ್ಲಿ ಮರಳು ಕಾದು ಮಗ ಕರೆದ.
ಎದ್ದವಳು ಮೊಮ್ಮಗುವನ್ನು ನನ್ನ ತೊಡೆಗೆ ಹಾಕಿ
ಗಲ್ಲಾದ ಡಬ್ಬಿಯನ್ನು ಕಾಲಿನಿಂದಲೇ ನನ್ನತ್ತ ತಳ್ಳಿ
'ಚಾದಂಗಡಿ ಹುಡುಗ ಬಂದ್ರೆ ನೂರಾ ಎಂಬತ್ತು ಇಸ್ಕೋ'
ಎಂದು ಹೊಗೆಯೊಳಗೆ ಹೋದಳು.
ನನ್ನ ಹೆಸರನ್ನೂ ಕೇಳಿರಲಿಲ್ಲ.

ಕಾಲುಗಂಟೆ.
ಮಗು ನನ್ನ ಗುರುತಿನ ಚೀಟಿ ಚೀಪಿತು.
ಹುಡುಗ ಬಂದು ಕೊಟ್ಟು ಹೋದ.
ಎಣಿಸದೆ ಡಬ್ಬಿಗೆ ಹಾಕಿದೆ;
ಆಮೇಲೆ ತೆಗೆದು ಎಣಿಸಿದೆ.

ಮಸಿಯ ಮುಖವನ್ನು ಸೆರಗಿನಿಂದ ಒರೆಸುತ್ತ ಬಂದು
'ಎಚ್ಚರ ಬೇಕು ಅಂತ ಬರ್ಕೋ' ಅಂದಳು.
'ಕಾಲ ಕೆಟ್ಟೈತೆ.'
ಎರಡು ಒತ್ತಿದೆ.

ಬೆರಳು ಒಂದು ಗಳಿಗೆ ತಡೆಯಿತು.
ಟ್ಯಾಬು ಅದನ್ನೂ ಬರೆದುಕೊಂಡಿದೆ:
ಒಂದು ಪ್ರಶ್ನೆಗೆ ಹದಿನೇಳು ನಿಮಿಷ.
ನಾನು ನಿಂತ ಜಾಗ ಉಪಗ್ರಹಕ್ಕೆ ಗೊತ್ತು,
ನನ್ನ ದನಿ ನನಗೆ ತಿಳಿಯದಂತೆ ಅಲ್ಲಲ್ಲಿ ಮುದ್ರಣವಾಗುತ್ತದೆ,
ಹತ್ತು ಮನೆಗೊಂದಕ್ಕೆ ಫೋನು ಹೋಗುತ್ತದೆ:
ಆ ಹುಡುಗಿ ಬಂದಿದ್ದಳಾ, ನಿಜವಾಗಿ?
ತಪ್ಪೇನಿಲ್ಲ.
ಹೋದ ಸುತ್ತಿನಲ್ಲಿ ನಮ್ಮ ತಿಪ್ಪೇರುದ್ರ
ಕುಂದುವಾಡ ಕೆರೆಯ ಏರಿಯ ಮೇಲೆ ಕೂತು
ಒಂದೇ ಮಧ್ಯಾಹ್ನ ಹನ್ನೊಂದು ಮನೆ ತುಂಬಿದ್ದ.
ಅವನ ಹನ್ನೊಂದು ಮಂದಿಯೂ
ಹೆಚ್ಚಿನ ಜನರನ್ನು ನಂಬುತ್ತಿದ್ದರು.

ಈಗ ಯಾವುದೋ ಚಳಿಯೂರಿನ ನಾಲ್ಕನೆಯ ಮಹಡಿಯಲ್ಲಿ
ನನ್ನಂಥವಳೊಬ್ಬಳು, ಕೈಗವಸು ತೆಗೆದು,
ಇದನ್ನೇ ಓದುತ್ತಿರಬಹುದು,
ಬಾಗಿಲ ಸರಪಳಿಯ ಸಂದಿಯಿಂದ ಕಾಣುವ
ಅರ್ಧ ಮುಖಕ್ಕೆ.
ಆ ಅರ್ಧ ಮುಖ 'ನಂಬಬಹುದು' ಎಂದರೆ
ಅವಳೂ ಒಂದು ಗಳಿಗೆ ತಡೆದಾಳೆ?

ಹೊರಡುವಾಗ ಎರಡು ಸೇರು ಮಂಡಕ್ಕಿ ಕಟ್ಟಿಕೊಟ್ಟಳು.
ಉಡುಗೊರೆ ತೆಗೆದುಕೊಳ್ಳುವಂತಿಲ್ಲ; ಪರ್ಸು ತಡಕಿದೆ,
ಚಿಲ್ಲರೆ ಇರಲಿಲ್ಲ.
'ನಾಳೆ ಈ ಕಡೆ ಬಂದಾಗ ಕೊಡು.'

ನಾಳೆ ನನಗೆ ಹರಿಹರದ ಗಲ್ಲಿಗಳು.
ಈ ಕಡೆ ಮತ್ತೆ ಬರುವುದಿಲ್ಲ ಎಂದು
ಆಕೆಗೆ ಗೊತ್ತಿತ್ತೆ?
ಎಂಟು.