ಜೂನ್ ಒಂದು

ಫಾರ್ಮಿನ ಮೊದಲ ಖಾನೆನಽ ಜನ್ಮತಾರೀಖು.
ಧನಕವಡಿಯ ಗಟಾರ ದಂಡಿಯಿಂದ ಒಂದು ಮಳಿಗಾಲ
ತಾನಾಗಿ ಬಂದು ನನ್ನ ಚಪ್ಪಲಿ ಮ್ಯಾಲೆ ಮಲಗಿದವಗ
ಯಾವ ತಾರೀಖು ಬರೀಲಿ?

ಡಾಕ್ಟರ್ ಕರಂದೀಕರ್ ಹಲ್ಲು ನೋಡಿ ಒಂಬತ್ತು ಅಂದ್ರು.
ಏಜೆಂಟ್ ಹುಡುಗಿ ದನಿ ಇಳಿಸಿ,
"ಎಂಟು ದಾಟಿದ್ರ ಪಾಲಿಸಿ ಇಲ್ಲ ಮಾವಶಿ,
ಏಳು ಅಂತ ಬರೀರಿ."

ವರ್ಷಕ್ಕ ಏಳು ಸಾವಿರದ ಮುನ್ನೂರು.
ಹತ್ತು ರೂಪಾಯಿಗೊಂದರಂಗ ಏಳುನೂರಾ ಮೂವತ್ತು ಚಪಾತಿ.
ಲಟ್ಟಣಿಗಿ ಹಿಡಿದಾಕಿಗೆ ಬ್ಯಾರೆ ಲೆಕ್ಕ ಬರೂದಿಲ್ಲ.
ಹ್ವಾದ ವರ್ಷ ಗಿರಾಕಿ ಡಬ್ಬಿಯ ರಬ್ಬರು ನುಂಗಿ
ಒಂದಽ ರಾತ್ರಿಗೆ ಹದಿನೆಂಟು ಸಾವಿರ ತಿಂದ, ಈ ಝುಣಕಾ.
ಅವತ್ತ ಈ ಕಾಗದ ಇದ್ದಿದ್ರ, ಅಂತೀನಿ.
ಮತ್ತ ಅಂತೀನಿ, ನನ್ನದಽ ಪಾಲಿಸಿ
ಎರಡು ಕಂತು ತಪ್ಪಿ ಸತ್ತುಹೋತು,
ಹೆಗಲು ಕೊಡಾಕ ಯಾರೂ ಬರಲಿಲ್ಲ.

ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಕೇಳಿದ್ರು,
ಹುಡುಗಿ ಹುಟ್ಟಿದ್ದು ಯಾವಾಗ?
"ಜ್ವಾಳ ಕೊಯ್ಯೂ ಮುಂದ" ಅಂದ ನಮ್ಮಪ್ಪ.
ಅವರು ಜೂನ್ ಒಂದು ಅಂತ ಬರಕೊಂಡ್ರು.
ಐವತ್ತು ವರ್ಷ ಅದಽ ಸುಳ್ಳಿನ ಮ್ಯಾಲೆ
ರೇಶನ್ನು, ಆಧಾರು, ಲಗ್ನಪತ್ರಿಕಾ.

ಇವಗೂ ಜೂನ್ ಒಂದು ಹಾಕಲೇನು?
ಸುಳ್ಳು ಸಿಕ್ಕರ ಕ್ಲೇಮು ಕೊಡಂಗಿಲ್ಲಂತ,
ಖರೆ ಹೇಳಿದ್ರ ಫಾರ್ಮಽ ಮುಟ್ಟಂಗಿಲ್ಲಂತ.

ಮೂರು ದಿನದಿಂದ ಹಿಟ್ಟಿನ ಡಬ್ಬಿ ಕೆಳಗೈತಿ ಫಾರ್ಮು.
ಇವತ್ತ ಮುಂಜಾನೆ ಖಾಲಿ ಉಪ್ಪಿನಕಾಯಿ ಭರಣಿಯೊಳಗ
ಇಪ್ಪತ್ತರ ನೋಟು ಒಗದೆ. ನಾಳೆ ಒಗೀತೀನೋ ಇಲ್ಲೋ.
ಅವ ಬಾಗಿಲದಾಗ ಕುಂತಾನ,
ಮೊದಲ ಚಪಾತಿ ಉಬ್ಬೂದು ಕಾಯಕೋತ.
ಹಲ್ಲಿಗೆ ಒಂಬತ್ತು, ಬಾಲಕ್ಕ ಎರಡು.