ಹಲ್ಲು ಕಟ್ಟುವ ದಾವಲಸಾಬ ನದಾಫನ ತಕರಾರು

ಬಾಯಿ ತಗೀರಿ ಮಾಸ್ತರ, ಇನ್ನಷ್ಟು.
ಹಾಂ. ಈಗ ತುಟಿ ಮುಚ್ಚರಿ, ಅಲ್ಲಾಡಬ್ಯಾಡ್ರಿ.
ಮೇಣ ಆರೂತನಕ ನೀವು ಮಾತಾಡೂ ಹಂಗಿಲ್ಲ.
ಮೂವತ್ತೆರಡು ವರ್ಷ ನೀವು ಹೇಳಿದ್ರಿ, ಗದಗ ಕೇಳಿತು;
ಈ ನಾಕು ಮಿನಿಟು ನಂದು.

ಮೊನ್ನೆ ಕ್ವಿಜ್‌ನಾಗ ನೀವು ಕೇಳಿದ ಪ್ರಶ್ನೆ
ನನ್ನ ತಂಗಿ ಮೊಮ್ಮಗಳು ಅಲ್ಫಿಯಾ ಮನಿಗೆ ತಂದ್ಲು:
ಅಮೇರಿಕಾದ ಮೊದಲನೇ ಅಧ್ಯಕ್ಷನ ಹಲ್ಲು ಯಾತರವು?
ಕಟ್ಟಿಗಿವು ಅಂತ ಬರದಾಕಿಗೆ ಎರಡು ಮಾರ್ಕು.

ಅಲ್ರೀ, ಕಟ್ಟಿಗಿ?
ಟಾಂಗಾಕೂಟದ ಈ ಅಟ್ಟದ ಬಾಗಿಲ ನೋಡ್ರಿ,
ನಾಕು ಹನಿ ಬಿದ್ರ ಉಬ್ಬತೈತಿ,
ಹೆಗಲು ಕೊಟ್ರೂ ತೆರಿಯೂದಿಲ್ಲ.
ಹಗಲೂ ರಾತ್ರಿ ಜೊಲ್ಲಿನಾಗ ನೆನಿಯೂ ಕಟ್ಟಿಗಿ
ತ್ಯಾಗ ಇರಲಿ, ಬೀಟಿ ಇರಲಿ,
ವಾರದಾಗ ವಾಸನಿ.

(ಮಾಸ್ತರ ಹುಬ್ಬು ಏರಿಸಿದ್ರು. ಮೇಣ ಇನ್ನೂ ಬೆಚ್ಚಗಿತ್ತು.)

ಸಿಟ್ಟಾಗಬ್ಯಾಡ್ರಿ, ನನ್ನ ತಪ್ಪೂ ಹೇಳತೇನಿ.
ನಮ್ಮಜ್ಜ ಹತ್ತಿ ಹಿಂಜತಿದ್ದ, ಮೀಸಿ ತುಂಬ ಬಿಳೇ ಎಳಿ.
ಮುಷ್ಟಿ ತುಂಬ ಹಿಡದು ‘ಇದು ಅಮೇರಿಕನ್’ ಅಂತಿದ್ದ.
ಹತ್ತು ವರ್ಷದವ ಆಗೂತನಕ ನನಗ ಅಮೇರಿಕಾ ಅಂದ್ರ
ಒಂದು ಹತ್ತಿ ಜಾತಿ.
ದೇಶ ಅಂತ ತಿಳದ ದಿನ ಭಾಳ ಬ್ಯಾಸರಾತು:
ತಲಿದಿಂಬಿನಷ್ಟು ಮೆತ್ತಗಿದ್ದದ್ದು
ನಕಾಶೆ ಮ್ಯಾಲ ಬರೇ ಬಣ್ಣ ಆತು.

ಮುಂದಿನ ಮಂಗಳವಾರ
ಹೊಂಬಳ ಮಾಸ್ತರ ಮೆಟ್ಟಲ ಏರಿ ಬಂದ್ರು,
ಬೋಳುಬಾಯಿಗೆ ಟವೆಲ್ಲು, ಕಿಸೆದಾಗ ನಾಕು ಮಡಿಕಿ ಹಾಳಿ.
‘ದಾವಲಸಾಬ, ನಿಂದ ಖರೆ.’
ಹಲ್ಲಿಲ್ಲದ ಖರೆ, ಭಾಳ ಮೆತ್ತಗ ಬಂತು.
ಕಟ್ಟಿಗಿ ಅಲ್ಲ. ನೀರಾನಿ ದಂತ, ಸೀಸ, ಹಿತ್ತಾಳಿ ತಿರುಪು.
ಸಣ್ಣಾವಿದ್ದಾಗ ಚೆರ್ರಿ ಗಿಡ ಕಡದು
ಅಪ್ಪನ ಮುಂದ ಖರೆ ಒಪ್ಪಿಕೊಂಡ ಅನ್ನೂದೂ
ಆಮ್ಯಾಲ ಯಾರೋ ಕಟ್ಟಿದ್ದಂತ.
ನಾ ನಕ್ಕೆ: ಸುಳ್ಳ ಹೇಳಬಾರದು ಅನ್ನಾಕ ಒಂದು ಸುಳ್ಳು!
ಕಡೀಲಾರದ ಗಿಡ, ಕೆತ್ತಲಾರದ ಹಲ್ಲು.

ಮಾಸ್ತರ ನಗಲಿಲ್ಲ. ಹಾಳಿ ತಿರುವಿದ್ರು.
‘ಮನಷಾರ ಹಲ್ಲೂ ಇದ್ದವು.’
ಯಾರವು?
‘ಲೆಕ್ಕದ ಬುಕ್ಕಿನಾಗ ಒಂದ ಸಾಲು ಐತಿ.
ಕರೇ ಮಂದಿಗೆ, ಒಂಬತ್ತು ಹಲ್ಲಿಗೆ, ಇಷ್ಟು ರೊಕ್ಕ.
ಹೆಸರಿಲ್ಲ.
ಅವು ಅವನ ಬಾಯಿಗೇ ಹ್ವಾದ್ವೋ, ಪಕ್ಕಾ ಇಲ್ಲ.
ಮಂದಿ ಅಂತೂ ಅವನ ಗುಲಾಮರ.’

ನಾ ಹಲ್ಲು ಕೀಳಾವಲ್ಲ, ಕಟ್ಟಾಂವ.
ಆದ್ರೂ ಇಕ್ಕಳದ ಸಪ್ಪಳ ಗೊತ್ತು ನನಗ.
ಬೇರು ಬಿಡೂವಾಗ
ಹಸೀ ಟೊಂಗಿ ಮುರದಂಗ ಕೇಳತೈತಿ.
ಅದಕ್ಕ ಕಟ್ಟಿಗಿ ಅಂದಿರಬೇಕು ಮಂದಿ.
ಕಟ್ಟಿಗಿ ಅಂದ್ರ ಹುಡುಗೂರು ನಗತಾವು, ಮಾರ್ಕು ಬೀಳತಾವು,
ಯಾರ ವಸಡಿನಾಗೂ ರಕ್ತ ಬರೂದಿಲ್ಲ.

ಟ್ರೇದಾಗ ನನ್ನ ಪ್ಲಾಸ್ಟಿಕ್ ಹಲ್ಲು, ಮೀರಜಿನಿಂದ ತಂದವು,
ಬಣ್ಣಕ್ಕೊಂದು ನಂಬರ.
ನಲವತ್ತು ವರ್ಷದಾಗ ಅವತ್ತ ಮೊದಲ ಸಲ
ಒಂದ ತಗೊಂಡು ಹಿಂದಮುಂದ ಹೊಳ್ಳಿಸಿ ನೋಡಿದೆ.

ಸೆಟ್ ಕೂಡ್ರಿಸಿದೆ.
ಹೊಸಾ ಹಲ್ಲಿಗೆ ‘ಸ’ ಬರೂದಿಲ್ಲ ಲಗೂನ, ಸೀಟಿ ಹೊಡಿತೈತಿ.
‘ಸ್ವಾತಂತ್ರ್ಯ’ ಅನ್ರಿ ಅಂದೆ. ಸೀಟಿ.
ಕಾನಸು ತಗೊಂಡು ಒಳಗಿನ ಅಂಚು ತಿಕ್ಕಿದೆ.
‘ಸಮಾನ’ ಅನ್ರಿ. ಇನ್ನೂ ಚೂರು.
ಇರಲಿ, ಒಂದರಿಂದ ಹತ್ತು ಎಣಸ್ರಿ, ಕಚ್ಚು ನೋಡೂಣು.

ಒಂದು, ಎರಡು, ಮೂರು,
ಕಿಡಕಿ ಹೊರಗ ಬೆಟಗೇರಿ ಬಸ್ಸು ಹಾರ್ನು ಹೊಡೀತು,
ಏಳು, ಎಂಟು,
ಒಂಬತ್ತು
ಅಂದು ಮಾಸ್ತರ ಅಲ್ಲೇ ನಿಂತ್ರು.

ಹತ್ತು ಅನ್ರಿ ಅಂತ ನಾ ಗಂಟು ಬೀಳಲಿಲ್ಲ.
ಅಲ್ಫಿಯಾನ ಎರಡು ಮಾರ್ಕು ವಾಪಸ್ ತಗೋತೀರೇನು
ಅಂತ ಕೇಳಬೇಕಂತ ಇದ್ದೆ,
ಅದನ್ನೂ ಕೇಳಲಿಲ್ಲ.